ದಾರಿ ತಪ್ಪಿದ ರಾಕೆಟ್ಟನ್ನು ನಾವೇ ಒಡೆದುಹಾಕುವುದು ನಿಜವಾ?

ನೀವು ದಾವಣಗೆರೆಯಿಂದ ಮೂರು ಪ್ರಶ್ನೆ ಕೇಳಿದ್ದೀರಿ. ದಾರಿ ತಪ್ಪಿದ ರಾಕೆಟ್ಟನ್ನು ಇಸ್ರೋದವರೇ ಒಡೆಯುತ್ತಾರಾ? ಒಳಗೆ ಮನುಷ್ಯರಿದ್ದರೆ ಏನು ಗತಿ? ಚಳ್ಳಕೆರೆಯಲ್ಲಿ ಇಸ್ರೋ ಇರುವುದರಿಂದ ನಿಮ್ಮಜ್ಜಿಯ ಊರಿಗೆ ಅಪಾಯವಾ?

ಮೊದಲನೆಯದು ನಿಜ. 2006ರ ಜುಲೈ 10ರಂದು ಹಾರಿದ ಇಸ್ರೋದ ಜಿಎಸ್‌ಎಲ್‌ವಿ ರಾಕೆಟ್ಟಿನ ಪಕ್ಕಕ್ಕೆ ಕಟ್ಟಿ ನೂಕುವ ನಾಲ್ಕು ಬೂಸ್ಟರ್‌ಗಳಲ್ಲಿ ಒಂದು ಕೈಕೊಟ್ಟಿತು. 2010ರ ಡಿಸೆಂಬರ್ 25ರಂದು ಇನ್ನೊಂದು ಜಿಎಸ್‌ಎಲ್‌ವಿ. ಮೇಲಿನ ಕಂಪ್ಯೂಟರಿನಿಂದ ಬೂಸ್ಟರ್‌ಗಳಿಗೆ ಆದೇಶ ಒಯ್ಯುವ ಕನೆಕ್ಟರ್‌ಗಳು ಹೊತ್ತಿಗೆ ಮುಂಚೆಯೇ ಕಳಚಿಕೊಂಡವು. ಎರಡನ್ನೂ ಸುಮಾರು ಒಂದು ನಿಮಿಷಕ್ಕೆಲ್ಲ ನೆಲದಿಂದ ಆದೇಶ ಕೊಟ್ಟು ಒಡೆದರು. ಒಳಗಿದ್ದ ಸ್ಯಾಟಲೈಟ್‌ಗಳೂ ಹೋದವು.

ನಾನು ಚಿತ್ರದುರ್ಗದ ಕಡೆಯವನು. ನಾಯಕನಹಟ್ಟಿ ತೇರು ನೋಡಿದ್ದೀರಲ್ವಾ? ಜನರ ಕಣ್ಣೆಲ್ಲ ಕಳಸದ ಮೇಲೆ, ಬಾಳೆಹಣ್ಣು ತೂರುವುದರಲ್ಲೇ ಗಮನ. ಗಾಲಿ ಪಕ್ಕ ಸನ್ನೆ, ಅಂದರೆ ಗಾಲಿಗೆ ಕೊಡುವ ಮರದ ತುಂಡು, ಹಿಡಿದು ನಡೆಯುವವರು ಮಾತ್ರ ತಲೆ ಎತ್ತುವುದಿಲ್ಲ. ತೇರು ಜನರ ಕಡೆ ವಾಲಿತೋ, ಸನ್ನೆ ಕೊಡುತ್ತಾರೆ. ರಾಕೆಟ್ ಹಾರಿಸುವ ಶ್ರೀಹರಿಕೋಟಾದಲ್ಲಿ ಒಡೆಯುವ ಆದೇಶ ಕೊಡುವ ರೇಂಜ್ ಸೇಫ್ಟಿ ಆಫೀಸರ್ ಆ ಸನ್ನೆಯವರ ಹಾಗೆ. ಸ್ಯಾಟಲೈಟಿಗೆ ಎಷ್ಟು ಕೋಟಿ ಖರ್ಚಾಗಿದೆ ಅನ್ನುವುದು ಅವರ ಚಿಂತೆ ಅಲ್ಲ. ರಾಕೆಟ್ ಊರ ಕಡೆ ತಿರುಗೀತಾ ಅನ್ನುವುದಷ್ಟೇ.

ಆದರೆ ಘನ ಇಂಧನಕ್ಕೆ ಒಮ್ಮೆ ಬೆಂಕಿ ಹತ್ತಿದರೆ ಡೀಸೆಲ್ ಪಂಪಿನ ಹಾಗೆ ಆಫ್ ಮಾಡಲು ಬರುವುದಿಲ್ಲ. ಅದಕ್ಕೇ ಕವಚ ಸೀಳುವ ಸ್ಫೋಟಕವನ್ನು ಮೊದಲೇ ಕೂರಿಸಿರುತ್ತಾರೆ. ಸೀಳಿದರೆ ಒಳಗಿನ ಒತ್ತಡ ಇಳಿದು ನೂಕುವ ಶಕ್ತಿ ಹೋಗುತ್ತದೆ, ಚೂರುಗಳು ಸಮುದ್ರಕ್ಕೆ ಬೀಳುತ್ತವೆ. ಎಲ್ಲ ವೈಫಲ್ಯಕ್ಕೂ ಇದು ಬೇಕಾಗುವುದಿಲ್ಲ. 2017ರಲ್ಲಿ ಇಸ್ರೋದ ಇನ್ನೊಂದು ಬಗೆಯ ರಾಕೆಟ್ ಪಿಎಸ್‌ಎಲ್‌ವಿ ಸರಿಯಾಗೇ ಹೋಯಿತು, ಮೂತಿಯ ಹೀಟ್ ಶೀಲ್ಡ್ ತೆರೆಯದೆ ಸ್ಯಾಟಲೈಟ್ ಒಳಗೇ ಉಳಿಯಿತು, ಅಷ್ಟೇ.

ಮನುಷ್ಯರಿದ್ದರೆ ಮೊದಲು ಅವರನ್ನು ಎಳೆದುಕೊಂಡು ಹೋಗಬೇಕು. ಅವರ ಕೋಣೆಯ ನೆತ್ತಿಯ ಮೇಲೆ ಚಿಕ್ಕ ರಾಕೆಟ್‌ಗಳಿರುವ ಕಂಬವಿರುತ್ತದೆ. 1983ರ ಸೆಪ್ಟೆಂಬರ್‌ನಲ್ಲಿ ಸೋವಿಯತ್ ದೇಶದ ಸೋಯುಜ್ ರಾಕೆಟ್ಟಿಗೆ ನೆಲದ ಮೇಲಿರುವಾಗಲೇ ಬೆಂಕಿ ಬಿತ್ತು. ಆ ಕಂಬ ಒಳಗಿದ್ದ ಇಬ್ಬರನ್ನು ಕಿತ್ತುಕೊಂಡು ಹಾರಿತು, ಕೆಳಗೆ ರಾಕೆಟ್ ಸಿಡಿಯಿತು. ಇಬ್ಬರೂ ಬದುಕಿದರು! ಜನರನ್ನು ಬಾಹ್ಯಾಕಾಶಕ್ಕೆ ಒಯ್ಯುತ್ತಿದ್ದ ಅಮೆರಿಕದ ಷಟಲ್‌ನಲ್ಲಿ ಇಂಥದ್ದು ಇರಲಿಲ್ಲ. 1986ರ ಜನವರಿ 28ರಂದು ಚಾಲೆಂಜರ್ ಅನ್ನುವ ಷಟಲ್ 73 ಸೆಕೆಂಡಿಗೆ ಚೂರಾಗಿ ಏಳು ಜನ ಸತ್ತರು. ಬಿಡಿಸಿಕೊಂಡು ದಿಕ್ಕಿಲ್ಲದೆ ಹಾರುತ್ತಿದ್ದ ಎರಡು ಬೂಸ್ಟರ್‌ಗಳನ್ನು ಆಮೇಲೆ ಆದೇಶ ಕೊಟ್ಟು ಒಡೆದರು. ಅಂದರೆ ಜನ ಹೋಗುವ ರಾಕೆಟ್ಟಿನಲ್ಲೂ ಸ್ಫೋಟಕ ಇತ್ತು. ಕೇಳಲು ಕಷ್ಟ, ಆದರೆ ಕೆಳಗೂ ಜನ ಇದ್ದರಲ್ಲ.

ಮನುಷ್ಯರನ್ನು ಬಾಹ್ಯಾಕಾಶಕ್ಕೆ ಕಳಿಸುವ ನಮ್ಮ ಗಗನಯಾನಕ್ಕೆ ಈ ಎಳೆಯುವ ಏರ್ಪಾಡಿನ ಪರೀಕ್ಷೆ 2023ರ ಅಕ್ಟೋಬರ್ 21ರಂದು ನಡೆಯಿತು. ಇನ್ನು 5 ಸೆಕೆಂಡ್ ಇರುವಾಗ ಕಂಪ್ಯೂಟರೇ ತಡೆದು ನಿಲ್ಲಿಸಿತು. ಟಿವಿ ಮುಂದೆ ನನ್ನ ಮಗ ‘ಫೇಲ್ ಆಯ್ತು’ ಅಂತ ಎದ್ದು ಹೋದ. ನನಗೇನೋ ಅದೇ ಖುಷಿ ಕೊಟ್ಟಿತು. ಸರಿಪಡಿಸಿ 10 ಗಂಟೆಗೆ ಹಾರಿಸಿದರು, ಖಾಲಿ ಕೋಣೆ ಪ್ಯಾರಾಚೂಟಿನಲ್ಲಿ ಸಮುದ್ರಕ್ಕೆ ಇಳಿಯಿತು.

ಚಳ್ಳಕೆರೆಯ ವಿಷಯ. ಅಲ್ಲಿಂದ ಉಪಗ್ರಹ ಹೊತ್ತ ರಾಕೆಟ್ ಹಾರಿಸುವುದಿಲ್ಲ. ಅಲ್ಲಿನ ಕುದಾಪುರದ ಹತ್ತಿರ ಇರುವುದು ರನ್‌ವೇ. 2023ರ ಏಪ್ರಿಲ್ 2ರಂದು ರೆಕ್ಕೆಯ ಪುಟ್ಟ ವಾಹನವೊಂದನ್ನು ಹೆಲಿಕಾಪ್ಟರಿನಲ್ಲಿ 4.5 ಕಿ.ಮೀ. ಮೇಲೊಯ್ದು ಬಿಟ್ಟರು, ಅದು ತಾನೇ ಬಂದು ಇಳಿಯಿತು. ನಿಮ್ಮಜ್ಜಿ ಶೇಂಗಾ ಹೊಲಕ್ಕೆ ಧೈರ್ಯವಾಗಿ ಹೋಗಲಿ.