ಹುಳ ಬೇಡ, ಮಾತ್ರೆ ಕೊಡಿಸಿ

ಶಿರಾ ತಾಲ್ಲೂಕಿನ ಓದುಗರೊಬ್ಬರ ಪತ್ರ: "ಹೊಟ್ಟೆಯಲ್ಲಿ ಹುಳ ಇದ್ದರೆ ಬೇಗ ಮುಪ್ಪು ಬರಲ್ಲ ಅಂತ ಮೊಬೈಲಿಗೆ ಸುದ್ದಿ ಬಂತು. ಅಂಗನವಾಡಿಯಲ್ಲಿ ಮೊಮ್ಮಗಳಿಗೆ ಜಂತುಹುಳದ ಮಾತ್ರೆ ಕೊಡ್ತಾರೆ. ಬೇಡ ಅನ್ನಲೇ?"

ದಯವಿಟ್ಟು ಹಾಗೆ ಮಾಡಬೇಡಿ. ಎರಡು ವರ್ಷ ತುಂಬಿದ್ದರೆ 400 ಮಿಲಿಗ್ರಾಂನ ಒಂದು ಅಲ್ಬೆಂಡಜೋಲ್ ಮಾತ್ರೆ, ಒಂದರಿಂದ ಎರಡು ವರ್ಷದೊಳಗಿನವಳಾದರೆ ಅರ್ಧ. ಕೊಕ್ಕೆಹುಳ ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ನೀವು ಮುದ್ದೆ, ಸೊಪ್ಪಿನ ಸಾರು ತಿನ್ನಿಸಿದ್ದೆಲ್ಲ ಅದರ ಪಾಲಾಗುವುದು ಬೇಡ ಅಲ್ವಾ?

ಆದರೆ ಆ ಸುದ್ದಿ ಸುಮ್ನೆ ಹುಟ್ಟಿದ್ದಲ್ಲ. ಹುಳ ನಮ್ಮ ಮೈಯಲ್ಲಿ ವರ್ಷಗಟ್ಟಲೆ ಬದುಕಬೇಕಾದರೆ ಮೈಯ ರೋಗನಿರೋಧಕ ಶಕ್ತಿ ಅದರ ಮೇಲೆ ರೇಗಬಾರದು. ಅದಕ್ಕೇ ಹುಳ ಕೆಲವು ರಾಸಾಯನಿಕ ಸುರಿಸಿ ಉರಿಯೂತ, ಅಂದರೆ ಆ ಶಕ್ತಿ ರೇಗಿದಾಗ ಮೈಯಲ್ಲಿ ಆಗುವ ಉರಿ-ಊತ, ತಗ್ಗಿಸುತ್ತದೆ. ಗರ್ಬಿಲ್ ಎಂಬ ಇಲಿಯಂಥ ಪ್ರಾಣಿಯಲ್ಲಿ ಇರುವ ಹುಳವೊಂದು ಸುರಿಸುವ ಪ್ರೊಟೀನಿಗೆ ಇಎಸ್-62 ಎಂದು ಹೆಸರು. ಆನೆಕಾಲು ರೋಗದ ಹುಳಕ್ಕೆ ಈ ಹುಳ ದೂರದ ನೆಂಟ.

ಸ್ಕಾಟ್ಲೆಂಡಿನ ವಿಜ್ಞಾನಿಗಳಾದ ವಿಲಿಯಂ ಹಾರ್ನೆಟ್, ಮಾರ್ಗರೆಟ್ ಹಾರ್ನೆಟ್ ಮತ್ತು ಸಂಗಡಿಗರು 2020ರಲ್ಲಿ ಪ್ರಕಟಿಸಿದ ಪ್ರಯೋಗ ಇದು. ಇಲಿಗಳಿಗೆ ಜೀವನಪೂರ್ತಿ ಕೊಬ್ಬು ಜಾಸ್ತಿ ಇರುವ ಮೇವು ಹಾಕಿದರು. ದಿನಾ ಬೇಕರಿ ತಿಂಡಿಯಲ್ಲೇ ಬದುಕಿದ ಹಾಗೆ. ಅಂಥ ಊಟದಿಂದ ಒಳಗೊಳಗೇ ಸಣ್ಣ ಉರಿಯೂತ ಹೊಗೆಯಾಡುತ್ತದೆ, ಮುಪ್ಪು ಬೇಗ ಬರುತ್ತದೆ. ವಾರಕ್ಕೆ 1 ಮೈಕ್ರೋಗ್ರಾಂ ಇಎಸ್-62 ಚುಚ್ಚಿದಾಗ ಗಂಡಿಲಿಗಳ ಆಯಸ್ಸು ಸುಮಾರು ಶೇ 12ರಷ್ಟು ಹೆಚ್ಚಿತು.

ಹೆಣ್ಣಿಲಿಗಳದ್ದು ಹೆಚ್ಚಲಿಲ್ಲ. ನನಗೆ ಕುತೂಹಲ ಇರುವುದು ಇಲ್ಲೇ. ಉರಿಯೂತ ಹೆಚ್ಚು ತಗ್ಗಿದ್ದು ಹೆಣ್ಣುಗಳಲ್ಲಿ! ಆರೋಗ್ಯವೂ ಸುಧಾರಿಸಿತ್ತು, ಆಯಸ್ಸು ಮಾತ್ರ ಅಷ್ಟೇ. ಗಂಡುಗಳಲ್ಲಿ ಕರುಳಿನ ಆರೋಗ್ಯ ಚೆನ್ನಾಗಿ ಉಳಿದದ್ದು ಕಾರಣ ಇರಬಹುದು ಎಂಬುದು ಅವರ ಊಹೆ. ಅಂದರೆ ಉರಿಯೂತ ಇಳಿಸಿದರೆ ಆಯಸ್ಸು ಬೆಳೆಯುತ್ತದೆ ಎಂಬ ಸುಲಭದ ಲೆಕ್ಕ ಇಲಿಯಲ್ಲೇ ಕೂಡಿಬರಲಿಲ್ಲ. ಮೊಬೈಲಿನ ಸುದ್ದಿಗೆ ಈ ಅರ್ಧ ಬೇಕಿರಲಿಲ್ಲ, ಬಿಡಿ.

ಇದು ಹುಳದ ಮಾತಲ್ಲ, ಹುಳ ಸುರಿಸುವ ಒಂದು ಪ್ರೊಟೀನಿನ ಮಾತು. ಜೀವಂತ ಹುಳದ ದಾರಿಯನ್ನೂ ಮನುಷ್ಯರಲ್ಲಿ ನೋಡಿದ್ದಾರೆ. ಕ್ರೋನ್ಸ್ ಎಂಬ ಕರುಳಿನ ಕಾಯಿಲೆಯವರಿಗೆ ಹಂದಿಯ ಚಾಟಿಹುಳದ ಮೊಟ್ಟೆ ಕುಡಿಸಿದ ದೊಡ್ಡ ಪರೀಕ್ಷೆ 2013ರಲ್ಲಿ ಸೋತಿತು.

ಇಎಸ್-62 ಕೂಡ ಇದ್ದಹಾಗೇ ಔಷಧಿ ಆಗುವುದು ಕಷ್ಟ. ಪರಕೀಯ ಪ್ರೊಟೀನು, ಮೈ ಅದರ ಮೇಲೇ ತಿರುಗಿಬೀಳಬಹುದು. ಅದರ ಕೆಲಸ ಮಾಡುವ ತುಣುಕು ಫಾಸ್ಫೊರಿಲ್‌ಕೋಲಿನ್. ಆ ತುಣುಕನ್ನು ಹೋಲುವ ಸಣ್ಣ ಅಣುಗಳನ್ನು ಲ್ಯಾಬಿನಲ್ಲೇ ತಯಾರಿಸಿ, ಸಂಧಿವಾತ, ಆಸ್ತಮಾ ಬರಿಸಿದ ಇಲಿಗಳ ಮೇಲೆ ಪರೀಕ್ಷಿಸುತ್ತಿದ್ದಾರೆ.