ಆಫೀಸಿನಲ್ಲೇ ಕೂತು ನಿಧಾನದ ಲಿಂಕ್ ಪರೀಕ್ಷಿಸುವುದು ಹೇಗೆ?

ಪ್ರಶ್ನೆ: ನಾವು ಬರೆದ ಅಪ್ಲಿಕೇಶನ್ ಆಫೀಸಿನ ಲ್ಯಾನ್‌ನಲ್ಲಿ ಚೆನ್ನಾಗಿ ಓಡುತ್ತದೆ. ದೂರದ ಶಾಖೆಯವರು ಮಾತ್ರ ಒಂದು ಸ್ಕ್ರೀನ್ ತೆರೆಯಲು ಅರ್ಧ ನಿಮಿಷ ಬೇಕು ಅಂತಾರೆ. ಅಲ್ಲಿನಂಥ ಲಿಂಕನ್ನು ಇಲ್ಲೇ, ದುಬಾರಿ ಉಪಕರಣ ಕೊಳ್ಳದೆ, ಮಾಡಿಕೊಳ್ಳಬಹುದಾ?

ಉತ್ತರ: ಖಂಡಿತ ಮಾಡಬಹುದು. ಎರಡು ನೆಟ್‌ವರ್ಕ್ ಕಾರ್ಡ್ ಇರುವ ಹಳೇ ಪಿಸಿ ಸಾಕು, ವರ್ಚುವಲ್ ಮಷೀನ್ ಆದರೂ ನಡೆಯುತ್ತದೆ. ಅದಕ್ಕೆ ವೈಒಎಸ್ ಹಾಕಿ. ಇದು ಲಿನಕ್ಸ್ ಮೇಲೆ ಕಟ್ಟಿದ ಓಪನ್ ಸೋರ್ಸ್ ರೌಟರ್. ಒಂದು ಕಾರ್ಡಿಗೆ ಸರ್ವರ್, ಇನ್ನೊಂದಕ್ಕೆ ಕ್ಲೈಂಟ್, ಎರಡಕ್ಕೂ ಬೇರೆ ಬೇರೆ ಸಬ್‌ನೆಟ್ (ಐಪಿ ವಿಳಾಸಗಳ ಗುಂಪು) ಕೊಟ್ಟು ಇದನ್ನೇ ಗೇಟ್‌ವೇ, ಅಂದರೆ ಎರಡರ ನಡುವಿನ ದಾರಿ, ಮಾಡಿ. ಇದರ ಕ್ಯೂಒಎಸ್ (ಟ್ರಾಫಿಕ್ ನಿಯಂತ್ರಿಸುವ) ಭಾಗದಲ್ಲಿ ನೆಟ್‌ವರ್ಕ್ ಎಮ್ಯುಲೇಟರ್ ಅನ್ನೋ ಪಾಲಿಸಿ ಇದೆ. ಬ್ಯಾಂಡ್‌ವಿಡ್ತ್ (ಲೈನಿನ ವೇಗ), ಡಿಲೇ (ತಲುಪಲು ಆಗುವ ತಡ), ಪ್ಯಾಕೆಟ್ ಲಾಸ್ (ದಾರಿಯಲ್ಲಿ ಕಳೆದುಹೋಗುವ ಡೇಟಾ ತುಣುಕುಗಳು) ಎಷ್ಟಿರಬೇಕು ಅಂತ ಅಲ್ಲಿ ಹೇಳಿ, ಇಂಟರ್‌ಫೇಸ್‌ಗೆ (ಅಂದರೆ ನೆಟ್‌ವರ್ಕ್ ಕಾರ್ಡಿಗೆ) ಹಚ್ಚಿ, ಕಮಿಟ್ ಮಾಡಿ ಜಾರಿಗೆ ತಂದರೆ ಆಯಿತು. ಒಳಗೆ ಕೆಲಸ ಮಾಡುವುದು ಲಿನಕ್ಸ್ ಕರ್ನಲ್‌ನ ನೆಟ್‌ಎಮ್ ಅನ್ನೋ ಭಾಗ.

ಸಾಮಾನ್ಯವಾಗಿ ಎಲ್ಲರೂ ಮೊದಲು ಬ್ಯಾಂಡ್‌ವಿಡ್ತ್ ಇಳಿಸುತ್ತಾರೆ. ನಿಮ್ಮ ದೂರು ನೋಡಿದರೆ ನನಗೆ ಡಿಲೇ ಮೇಲೇ ಜಾಸ್ತಿ ಅನುಮಾನ. ಆ ಸ್ಕ್ರೀನ್ ತೆರೆಯುವಾಗ ಡೇಟಾಬೇಸಿಗೆ ಒಂದು ಮುಗಿದ ಮೇಲೆ ಇನ್ನೊಂದರಂತೆ 150 ಕ್ವೆರಿ ಹೋಗುತ್ತವೆ ಅಂದುಕೊಳ್ಳಿ. ಲ್ಯಾನ್‌ನಲ್ಲಿ ಒಂದು ಕ್ವೆರಿ ಹೋಗಿಬರಲು 1 ಮಿಲಿಸೆಕೆಂಡೂ ಬೇಡ, ಹಾಗಾಗಿ ಯಾರಿಗೂ ಗೊತ್ತಾಗುವುದಿಲ್ಲ. ಅದೇ 200 ಮಿಲಿಸೆಕೆಂಡ್ ಆದರೆ ಬರೀ ಕಾಯುವುದರಲ್ಲೇ 30 ಸೆಕೆಂಡ್ ಹೋಯಿತು! ಲೈನ್ 2 ಎಂಬಿಪಿಎಸ್ ಇರಲಿ, 100 ಇರಲಿ, ಆ 30 ಸೆಕೆಂಡ್ ಕಮ್ಮಿ ಆಗುವುದಿಲ್ಲ. ಅದಕ್ಕೇ ಮೊದಲು ಶಾಖೆಯವರಿಂದ ಸರ್ವರ್‌ಗೆ ಪಿಂಗ್ (ಹೋಗಿಬರುವ ಸಮಯ ಅಳೆಯುವ ಕಮಾಂಡ್) ಮಾಡಿಸಿ, ಬಂದ ಸಂಖ್ಯೆಯನ್ನೇ ಇಲ್ಲಿ ಹಾಕಿ. ಸುಮ್ನೆ ಊಹೆ ಬೇಡ.

ಇನ್ನೊಂದು ವಿಷಯ. ಈ ಪಾಲಿಸಿ ಇಂಟರ್‌ಫೇಸ್‌ನಿಂದ ಹೊರಗೆ ಹೋಗುವ ಟ್ರಾಫಿಕ್‌ಗೆ ಮಾತ್ರ. ಪಿಂಗ್ 200 ಮಿಲಿಸೆಕೆಂಡ್ ಬರಬೇಕಾದರೆ ಎರಡೂ ಇಂಟರ್‌ಫೇಸ್‌ಗೆ 100-100 ಡಿಲೇ ಕೊಡಿ. ಒಂದೇ ಕಡೆ 200 ಕೊಟ್ಟರೂ ಪಿಂಗ್ ಅದನ್ನೇ ತೋರಿಸುತ್ತದೆ, ನಿಜ, ಆದರೆ ಬ್ಯಾಂಡ್‌ವಿಡ್ತ್ ಮಿತಿ ಮತ್ತು ಲಾಸ್ ಒಂದೇ ದಿಕ್ಕಿಗೆ ಬೀಳುತ್ತವೆ, ಅಪ್‌ಲೋಡ್ ನಿಧಾನ, ಡೌನ್‌ಲೋಡ್ ಮಾತ್ರ ಲ್ಯಾನ್ ವೇಗ ಅಂತ ವಿಚಿತ್ರ ಫಲಿತಾಂಶ ಬರುತ್ತದೆ.

ಕ್ಯೂ ಮಿತಿಯನ್ನೂ, ಅಂದರೆ ಒಮ್ಮೆಗೆ ಎಷ್ಟು ಪ್ಯಾಕೆಟ್ ಸಾಲಿನಲ್ಲಿ ಕಾಯಬಹುದು ಅನ್ನೋದನ್ನೂ, ನೋಡಿ. ನೆಟ್‌ಎಮ್ ತಾನಾಗಿ ಹಿಡಿದಿಡುವುದು 1000 ಪ್ಯಾಕೆಟ್. ಗಿಗಾಬಿಟ್ ಲೈನಿಗೆ ಬರೀ 100 ಮಿಲಿಸೆಕೆಂಡ್ ಡಿಲೇ ಕೊಟ್ಟರೂ ದೊಡ್ಡ ಫೈಲ್ ಕಳಿಸುವಾಗ 8000ಕ್ಕೂ ಹೆಚ್ಚು ಪ್ಯಾಕೆಟ್ ಅಲ್ಲಿ ಕಾಯಬೇಕಾಗುತ್ತದೆ. ಮಿತಿ ಏರಿಸದಿದ್ದರೆ ಉಳಿದವು ಬಿದ್ದುಹೋಗುತ್ತವೆ, ನೀವು ಕೇಳದ ಲಾಸ್ ಕಾಣುತ್ತದೆ.

ಪ್ರಶ್ನೆ: ಉಪಗ್ರಹದ ಲಿಂಕ್ ಆದರೆ ಎಷ್ಟು ಡಿಲೇ ಹಾಕಬೇಕು?

ಉತ್ತರ: ಭೂಸ್ಥಿರ ಉಪಗ್ರಹ ಇರುವುದು 35,786 ಕಿ.ಮೀ. ಎತ್ತರದಲ್ಲಿ. ಹೋಗುವಾಗ ಮೇಲೆ-ಕೆಳಗೆ, ಬರುವಾಗ ಮೇಲೆ-ಕೆಳಗೆ, ಹೀಗೆ ಆ ದೂರವನ್ನು ನಾಲ್ಕು ಸಲ ದಾಟಬೇಕು ಅಲ್ವಾ, ಬೆಳಕಿನ ವೇಗದಲ್ಲೂ ಸುಮಾರು 480 ಮಿಲಿಸೆಕೆಂಡ್. ಮೋಡೆಮ್‌ಗಳ ಸಮಯವೂ ಸೇರಿಸಿ 600 ಹಿಡಿಯಿರಿ, ಅಂದರೆ ಪ್ರತಿ ಇಂಟರ್‌ಫೇಸ್‌ಗೆ 300.