ರಜೆ ಮುಗಿದರೂ ಸೇನೆಗೆ ಮರಳದ ತಮ್ಮ

ಪ್ರಶ್ನೆ: ನನ್ನ ತಮ್ಮ ಒಂಬತ್ತು ವರ್ಷಗಳಿಂದ ಭೂಸೇನೆಯಲ್ಲಿ ಸಿಪಾಯಿ. ತಂದೆಯವರ ಶಸ್ತ್ರಚಿಕಿತ್ಸೆಗೆಂದು ರಜೆ ಪಡೆದು ಊರಿಗೆ ಬಂದವನು ರಜೆ ಮುಗಿದು ಮೂರು ವಾರವಾದರೂ ಹೊರಟಿಲ್ಲ. ತಂದೆ ಹಾಸನದ ಆಸ್ಪತ್ರೆಯಿಂದ ಮನೆಗೆ ಬಂದಿದ್ದಾರೆ. ಯೂನಿಟ್‌ನವರ ಕರೆಗೆ ಹೆದರಿ ತಮ್ಮ ಫೋನ್ ಆಫ್ ಮಾಡಿಟ್ಟಿದ್ದಾನೆ. ‘ಮೂರು ವರ್ಷ ತಲೆಮರೆಸಿಕೊಂಡಿದ್ದರೆ ಕೇಸು ತಾನಾಗಿ ಬಿದ್ದುಹೋಗುತ್ತದೆ, ಸಕಲೇಶಪುರದ ಕಡೆ ತೋಟದಲ್ಲಿ ಕೆಲಸ ಕೊಡಿಸುತ್ತೇನೆ’ ಎಂದು ಬಂಧುಗಳೊಬ್ಬರು ಹೇಳುತ್ತಿದ್ದಾರೆ. ಇದು ನಿಜವೇ? ಅವನಿಗೆ ಏನು ಶಿಕ್ಷೆಯಾಗಬಹುದು? ಮನೆಯವರಿಗೂ ತೊಂದರೆಯಾಗುತ್ತದೆಯೇ?
– ಹೆಸರು ಬೇಡ, ಅರಕಲಗೂಡು ತಾಲ್ಲೂಕು

ಉತ್ತರ: ಬಂಧುಗಳ ಸಲಹೆಯನ್ನು ದಯವಿಟ್ಟು ಕೇಳಬೇಡಿ. 1950ರ ಸೇನಾ ಕಾಯಿದೆಯ 122ನೇ ಸೆಕ್ಷನ್ ವಿಚಾರಣೆಗೆ ಮೂರು ವರ್ಷಗಳ ಕಾಲಮಿತಿ ಇಟ್ಟಿರುವುದು ನಿಜ. ಆದರೆ ಸೇನೆಯಿಂದ ಪಲಾಯನ ಮಾಡಿದ ಅಪರಾಧಕ್ಕೆ ಆ ಮಿತಿ ಅನ್ವಯಿಸುವುದಿಲ್ಲವೆಂದು ಅದೇ ಸೆಕ್ಷನ್ ಹೇಳುತ್ತದೆ; ಉಳಿದ ಅಪರಾಧಗಳಲ್ಲಿಯೂ ಬಂಧನದಿಂದ ತಪ್ಪಿಸಿಕೊಂಡು ತಿರುಗಿದ ಅವಧಿಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ತೋಟದ ಲೈನ್ ಮನೆಯಲ್ಲಿ ಅಡಗಿ ಕಳೆದ ವರ್ಷಗಳು ನಿಮ್ಮ ತಮ್ಮನ ಪರವಾಗಿ ನಿಲ್ಲುವುದಿಲ್ಲ, ಅವನಿಗೆ ಮರಳುವ ಮನಸ್ಸಿರಲಿಲ್ಲ ಎಂಬುದಕ್ಕೆ ಸಾಕ್ಷಿಯಾಗುತ್ತವೆ.

ಈ ಮನಸ್ಸಿನ ಪ್ರಶ್ನೆಯೇ ಇಲ್ಲಿ ಎಲ್ಲಕ್ಕಿಂತ ಮುಖ್ಯ. ಸಾಕಷ್ಟು ಕಾರಣವಿಲ್ಲದೆ ರಜೆ ಮೀರಿ ಉಳಿಯುವುದು 39ನೇ ಸೆಕ್ಷನ್ನಿನ ಅಪರಾಧ. ಕೋರ್ಟ್ ಮಾರ್ಷಲ್‌ನಲ್ಲಿ, ಅಂದರೆ ಸೇನೆಯದೇ ನ್ಯಾಯಾಲಯದಲ್ಲಿ, ಸಾಬೀತಾದರೆ ಅದಕ್ಕೆ ಗರಿಷ್ಠ ಮೂರು ವರ್ಷಗಳ ಸೆರೆವಾಸ. ಮರಳುವ ಉದ್ದೇಶವೇ ಇಲ್ಲದೆ ಹೋಗುವುದು 38ನೇ ಸೆಕ್ಷನ್ನಿನ ಪಲಾಯನ; ಅದಕ್ಕೆ ಸಾಮಾನ್ಯ ಸಂದರ್ಭದಲ್ಲಿ ಏಳು ವರ್ಷಗಳವರೆಗೆ ಸೆರೆವಾಸವಿದ್ದರೆ, ಸಕ್ರಿಯ ಸೇವೆಯಲ್ಲಿದ್ದಾಗ (ಶತ್ರುವಿನ ವಿರುದ್ಧದ ಕಾರ್ಯಾಚರಣೆಯಂತಹ ಕರ್ತವ್ಯದಲ್ಲಿದ್ದಾಗ) ಅಥವಾ ಅದಕ್ಕೆ ಹೊರಡಲು ಆದೇಶವಾಗಿದ್ದಾಗ ಮರಣದಂಡನೆಯವರೆಗೂ ಅವಕಾಶವಿದೆ. ನಿಮ್ಮನ್ನು ಹೆದರಿಸಲೆಂದು ಇದನ್ನು ಬರೆಯುತ್ತಿಲ್ಲ. ನಿಮ್ಮ ತಮ್ಮ ಇಂದಿಗೂ ಮೊದಲನೆಯ, ಹಗುರವಾದ ಅಪರಾಧದ ಕಡೆಯೇ ಇದ್ದಾನೆ, ಅಲ್ಲಿಯೇ ಉಳಿಯುವುದು ಅವನ ಕೈಯಲ್ಲಿದೆ ಎಂದು ತಿಳಿಸುವುದಕ್ಕಾಗಿ ಬರೆಯುತ್ತಿದ್ದೇನೆ.

ಗೈರುಹಾಜರಿಗೆ 30 ದಿನ ತುಂಬಿದಾಗ 106ನೇ ಸೆಕ್ಷನ್ ಪ್ರಕಾರ ಯೂನಿಟ್‌ನಲ್ಲಿ ಗೈರುಹಾಜರಿಯ ಬಗ್ಗೆ ತನಿಖೆ ನಡೆಸುವ ಕೋರ್ಟ್ ಆಫ್ ಎನ್‌ಕ್ವಾಯಿರಿ ಕೂರುತ್ತದೆ. ಅದರ ತೀರ್ಮಾನವನ್ನು ದಾಖಲೆಗೆ ಸೇರಿಸಿದ ಬಳಿಕವೂ ಆತ ತಾನಾಗಿ ಹಾಜರಾಗದೆ, ಸಿಕ್ಕಿಯೂ ಬೀಳದೆ ಇದ್ದರೆ ಅವನನ್ನು ಪಲಾಯನ ಮಾಡಿದವನೆಂದೇ ಪರಿಗಣಿಸಲಾಗುತ್ತದೆ. ಕಮಾಂಡಿಂಗ್ ಆಫೀಸರ್ ಬರೆದು ತಿಳಿಸಿದರೆ ನಿಮ್ಮ ಜಿಲ್ಲೆಯ ಪೊಲೀಸರು ಅವನನ್ನು ಹಿಡಿದು ಸೇನೆಯ ವಶಕ್ಕೆ ಒಪ್ಪಿಸುವ ಕ್ರಮ ಕೈಗೊಳ್ಳುತ್ತಾರೆ. ಈ ಸಂಚಿಕೆ ನಿಮ್ಮ ಕೈ ಸೇರುವ ಹೊತ್ತಿಗೆ ಆ 30 ದಿನ ದಾಟಿರಬಹುದು. ಹಾಗಿದ್ದರೂ ತಾನಾಗಿ ಮರಳಿದವನನ್ನೂ ಪೊಲೀಸರು ಹಿಡಿದು ತಂದವನನ್ನೂ ಒಂದೇ ರೀತಿ ನೋಡುವುದಿಲ್ಲ.

ಆದ್ದರಿಂದ ಅವನು ಇಂದೇ ಫೋನ್ ಆನ್ ಮಾಡಿ ಯೂನಿಟ್‌ಗೆ ಮಾತನಾಡಲಿ, ಹೊರಡುವ ದಿನವನ್ನು ತಿಳಿಸಲಿ, ಅದನ್ನೇ ಬರಹದಲ್ಲಿಯೂ ಕಳುಹಿಸಲಿ. ತಂದೆಯವರ ಡಿಸ್ಚಾರ್ಜ್ ಸಮ್ಮರಿ, ಶಸ್ತ್ರಚಿಕಿತ್ಸೆಯ ದಾಖಲೆ, ಔಷಧಿಯ ಬಿಲ್ಲುಗಳು, ರಜೆ ಚೀಟಿ ಇವೆಲ್ಲವೂ ಅವನ ಜೊತೆಗಿರಲಿ, ಒಂದು ಪ್ರತಿ ನಿಮ್ಮಲ್ಲಿರಲಿ. ‘ಸಾಕಷ್ಟು ಕಾರಣ’ ಎಂಬುದನ್ನು ಈ ಕಾಗದಗಳೇ ತೋರಿಸಬೇಕು. ತನಗೇ ಕಾಯಿಲೆಯಾಗಿತ್ತೆಂದು ಯಾರಿಂದಲೋ ಸುಳ್ಳು ಸರ್ಟಿಫಿಕೇಟ್ ಬರೆಸಿಕೊಂಡು ಹೋಗುವವರನ್ನು ಬಲ್ಲೆ. ಅದು ಇನ್ನೊಂದು ಅಪರಾಧವಾಗುತ್ತದೆ, ನಿಜವಾದ ಕಾರಣವಿರುವ ನಿಮಗೆ ಅದರ ಅಗತ್ಯವೂ ಇಲ್ಲ. ಅಷ್ಟು ದೂರ ಒಬ್ಬನೇ ಹೋಗಲು ಧೈರ್ಯ ಬಾರದಿದ್ದರೆ ಪೊಲೀಸ್ ಠಾಣಾಧಿಕಾರಿಯ ಮುಂದೆಯೂ ಶರಣಾಗಬಹುದು. ಯಾವ ದಿನ, ಎಲ್ಲಿ ಶರಣಾದನೆಂದು ಆ ಅಧಿಕಾರಿ ಸಹಿ ಮಾಡಿ ಕೊಡುವ ಪ್ರಮಾಣಪತ್ರವನ್ನು ಕಾಯಿದೆಯೇ ಸಾಕ್ಷ್ಯವೆಂದು ಒಪ್ಪುತ್ತದೆ.

ಹೋದ ಮೇಲೆ ಶಿಕ್ಷೆಯೇ ಆಗುವುದಿಲ್ಲವೆಂದು ನಾನು ಭರವಸೆ ಕೊಡಲಾರೆ. ಇಂತಹ ಪ್ರಕರಣವನ್ನು ಕಮಾಂಡಿಂಗ್ ಆಫೀಸರ್ 80ನೇ ಸೆಕ್ಷನ್ ಪ್ರಕಾರ ತಾವೇ ವಿಚಾರಿಸಿ ಮುಗಿಸಬಹುದು. ಆಗ ಸೇನಾ ವಶದಲ್ಲಿ ಕೊಡಬಹುದಾದ ಸೆರೆವಾಸ 28 ದಿನಗಳನ್ನು ಮೀರುವಂತಿಲ್ಲ. ಸಂಕ್ಷಿಪ್ತವಾಗಿ ವಿಚಾರಣೆ ನಡೆಸುವ ಸಮ್ಮರಿ ಕೋರ್ಟ್ ಮಾರ್ಷಲ್‌ಗೆ ಹೋದರೆ ಒಂದು ವರ್ಷದವರೆಗೆ ಸೆರೆವಾಸ ವಿಧಿಸುವ ಮತ್ತು ಸೇವೆಯಿಂದ ವಜಾ ಮಾಡುವ ಅಧಿಕಾರವಿದೆ. ಗೈರಾದ ದಿನಗಳ ಸಂಬಳವಂತೂ ಕಡಿತವಾಗುತ್ತದೆ. ಸಿಪಾಯಿಗೆ ಸರ್ವಿಸ್ ಪಿಂಚಣಿ ಬರಲು 15 ವರ್ಷಗಳ ಅರ್ಹ ಸೇವೆ ಬೇಕು. ಒಂಬತ್ತು ವರ್ಷ ದುಡಿದವನು ಈಗ ವಜಾ ಆದರೆ ಆ ದಾರಿ ಮುಚ್ಚಿಹೋಗುತ್ತದೆ, ಮುಂದೆ ಬೇರೆ ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕಿದಾಗಲೂ ಆ ವಜಾ ಆದೇಶ ಅಡ್ಡ ಬರುತ್ತದೆ. ಕೆಲವು ವಾರಗಳ ಶಿಕ್ಷೆಯ ಭಯಕ್ಕೆ ಇಷ್ಟನ್ನೂ ಕಳೆದುಕೊಳ್ಳುವುದು ನನಗೆ ಬಹಳ ದುಃಖದ ಸಂಗತಿಯಾಗಿ ಕಾಣುತ್ತದೆ.

ಇನ್ನು ಮನೆಯವರ ವಿಷಯ. ಸೇನೆಯಿಂದ ಪಲಾಯನ ಮಾಡಿದವನೆಂದು ತಿಳಿದೂ ಆಶ್ರಯ ಕೊಟ್ಟವರಿಗೆ ಭಾರತೀಯ ನ್ಯಾಯ ಸಂಹಿತೆಯ 164ನೇ ಸೆಕ್ಷನ್ನಿನಲ್ಲಿ ಎರಡು ವರ್ಷಗಳವರೆಗೆ ಸೆರೆವಾಸ, ದಂಡ ಅಥವಾ ಎರಡನ್ನೂ ವಿಧಿಸಬಹುದು. ಇದರಿಂದ ವಿನಾಯಿತಿ ಇರುವುದು ಗಂಡ ಅಥವಾ ಹೆಂಡತಿಗೆ ಮಾತ್ರ. ತಾಯಿ, ತಂದೆ, ಅಕ್ಕ ಯಾರಿಗೂ ಇಲ್ಲ. ತೋಟದಲ್ಲಿ ಬಚ್ಚಿಡುತ್ತೇನೆನ್ನುವ ಬಂಧುಗಳಿಗೂ ಇದನ್ನು ಓದಿ ಹೇಳಿ.

ತಂದೆಯವರ ಆರೈಕೆಗೆ ಅವನು ಇನ್ನೂ ಬೇಕೇಬೇಕೆಂದಿದ್ದರೆ ಮೊದಲು ಹಾಜರಾಗಿ, ಆಮೇಲೆ ಹೊಸದಾಗಿ ರಜೆ ಕೇಳಲಿ. ಅರ್ಜಿ ಕಳುಹಿಸಿದ ಮಾತ್ರಕ್ಕೆ ರಜೆ ವಿಸ್ತರಣೆಯಾಯಿತೆಂದು ಭಾವಿಸುವಂತಿಲ್ಲ. ಅರ್ಜಿ ಬರೆಯುವುದಕ್ಕೆ ಹಾಸನದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯಲ್ಲಿ ಮಾರ್ಗದರ್ಶನ ಕೇಳಬಹುದು. ಒಂದು ವೇಳೆ ಕೋರ್ಟ್ ಮಾರ್ಷಲ್ ನಡೆದು ವಜಾ ಅಥವಾ ಮೂರು ತಿಂಗಳಿಗಿಂತ ಹೆಚ್ಚಿನ ಸೆರೆವಾಸವಾದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಕೊಚ್ಚಿ ಪೀಠದ ಮುಂದೆ ಪ್ರಶ್ನಿಸುವ ಹಕ್ಕು ಅವನಿಗಿದೆ. ಸೇನಾ ಪ್ರಕರಣಗಳನ್ನು ನಡೆಸಿ ಅನುಭವವಿರುವ ವಕೀಲರನ್ನು ಆಗ ಕಾಣಿರಿ.